ರೈಲ್ವೆ ಫಿಟ್ಟರ್ ಮುಖ್ಯಮಂತ್ರಿ ಆದದ್ದು ಹೇಗೆ? ಸಿಡ್ನಿಯ ಜೋ ಕಾಹಿಲ್ ಕಥೆ

ಪ್ರಶ್ನೆ: ನಾನು ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಮಗಳ ಮನೆಗೆ ಅಂತ ಸಿಡ್ನಿಗೆ ಹೋಗಿದ್ದೆ. ಒಪೆರಾ ಹೌಸ್ ತೋರಿಸುತ್ತಾ ಅಳಿಯಂದಿರು, "ಮಾವ, ಇದಕ್ಕೆ ಕೈ ಹಾಕಿದ ಮುಖ್ಯಮಂತ್ರಿನೂ ನಿಮ್ಮ ಹಾಗೆ ರೈಲ್ವೆ ಫಿಟ್ಟರ್" ಅಂದರು. ತಮಾಷೆ ಮಾಡ್ತಿದ್ದಾರೆ ಅಂದುಕೊಂಡೆ. ಇದು ನಿಜವೇ? ನಿಜವಾದರೆ ದುಡ್ಡು, ಮನೆತನ ಯಾವುದೂ ಇಲ್ಲದ ಫಿಟ್ಟರ್ ಆ ಕುರ್ಚಿಯವರೆಗೆ ಹೋದದ್ದು ಹೇಗೆ? ಕಲಿತ ಕಸುಬು ಅಲ್ಲಿ ಏನಾದರೂ ಉಪಯೋಗಕ್ಕೆ ಬಂತಾ?

ಉತ್ತರ: ನಿಮ್ಮ ಅಳಿಯ ಹೇಳಿದ್ದು ಪೂರ್ತಿ ನಿಜ. ಅವರ ಹೆಸರು ಜೋಸೆಫ್ ಜಾನ್ ಕಾಹಿಲ್. ಜೋ ಕಾಹಿಲ್ ಅಂದರೇನೇ ಜನಕ್ಕೆ ಗೊತ್ತು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯಕ್ಕೆ 1952ರ ಏಪ್ರಿಲ್‌ನಿಂದ 1959ರ ಅಕ್ಟೋಬರ್‌ವರೆಗೆ ಅವರೇ ಪ್ರೀಮಿಯರ್. ನಮ್ಮಲ್ಲಿ ಮುಖ್ಯಮಂತ್ರಿ ಅನ್ನುವುದನ್ನು ಅಲ್ಲಿ ಪ್ರೀಮಿಯರ್ ಅನ್ನುತ್ತಾರೆ. ಫಿಟ್ಟರ್ ಅನ್ನುವುದು ಅವರು ಚುನಾವಣೆಗೆ ಅಂತ ಅಂಟಿಸಿಕೊಂಡ ಬಿರುದಲ್ಲ. 16ನೇ ವಯಸ್ಸಿಗೆ ಅಪ್ರೆಂಟಿಸ್ ಆಗಿ ಸೇರಿ, ಎಣ್ಣೆ ಜಿಡ್ಡಿನ ಕೈಯಲ್ಲೇ ಬೆಳೆದವರು.

ಅವರು ಹುಟ್ಟಿದ್ದು 1891ರಲ್ಲಿ, ರೆಡ್‌ಫರ್ನ್‌ನಲ್ಲಿ. ಸಿಡ್ನಿ ಸೆಂಟ್ರಲ್ ಬಿಟ್ಟು ದಕ್ಷಿಣಕ್ಕೆ ಹೊರಟರೆ ಮೊದಲು ಸಿಗುವ ಸ್ಟೇಷನ್ನೇ ಅದು. ತಂದೆ ತಾಯಿ ಐರಿಶ್ ಮೂಲದವರು, ಕ್ಯಾಥೊಲಿಕರು. ತಂದೆಗೆ ರೈಲ್ವೆಯಲ್ಲಿ ಕೂಲಿ ಕೆಲಸ. ಸ್ಟೇಷನ್ನಿಗೆ ಅಂಟಿಕೊಂಡ ಹಾಗೇ ಈವ್ಲಿ ರೈಲ್ವೆ ವರ್ಕ್‌ಶಾಪ್ ಇತ್ತು. ಸಾವಿರಾರು ಜನ ದುಡಿಯುವ ಜಾಗ. ರಾಜ್ಯದ ಉಗಿಬಂಡಿಗಳು ರಿಪೇರಿಗೆ ಅಲ್ಲಿಗೆ ಬರುತ್ತಿದ್ದವು. ಹುಡುಗ ಅಲ್ಲಿಗೆ ಸೇರಿದ.

ಆ ಕೆಲಸ ಏನು ಅಂತ ನಿಮಗೆ ಹೇಳಿಕೊಡುವ ಧೈರ್ಯ ನನಗಿಲ್ಲ. ಬೇರೆ ಓದುಗರಿಗಾಗಿ ಒಂದೇ ಒಂದು ಉದಾಹರಣೆ. ಬೇರಿಂಗ್ ಸರಿಯಾಗಿ ಕೂರಬೇಕಾದರೆ ಫಿಟ್ಟರ್ ಮೊದಲು ಆಕ್ಸಲ್‌ಗೆ ತೆಳ್ಳಗೆ ನೀಲಿ ಬಣ್ಣ ಸವರುತ್ತಾನೆ. ಬೇರಿಂಗ್ ಕೂರಿಸಿ, ಸ್ವಲ್ಪ ಆಡಿಸಿ, ತೆಗೆದು ನೋಡುತ್ತಾನೆ. ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಹತ್ತಿರುತ್ತೆ. ಅಷ್ಟನ್ನು ಮಾತ್ರ ಸ್ಕ್ರೇಪರ್‌ನಲ್ಲಿ ಕೆರೆಯಬೇಕು. ಮತ್ತೆ ನೀಲಿ, ಮತ್ತೆ ಕೂರಿಸು, ಮತ್ತೆ ಕೆರೆ. ಅವಸರಪಟ್ಟು ಜಾಸ್ತಿ ಕೆರೆದರೆ ಜಾಬ್ ಹೋಯಿತು. ಈ ನೀಲಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1917ರ ಆಗಸ್ಟ್‌ನಲ್ಲಿ ಕಾಹಿಲ್ ಬದುಕು ತಿರುಗಿತು. ಆಗ ಮೊದಲ ಮಹಾಯುದ್ಧ ನಡೆದಿತ್ತು. ರೈಲ್ವೆಯವರು ಹೊಸ ಕಾರ್ಡ್ ಪದ್ಧತಿ ತಂದರು. ಯಾರು ಯಾವ ಜಾಬ್ ಎಷ್ಟು ಹೊತ್ತಿಗೆ ಶುರು ಮಾಡಿದರು, ಎಷ್ಟು ಹೊತ್ತಿಗೆ ಮುಗಿಸಿದರು ಅಂತ ಮೇಲ್ವಿಚಾರಕ ಬರೆದುಕೊಳ್ಳಬೇಕು. ಕಾರ್ಡ್ ಅವನ ಕೈಯಲ್ಲೇ ಇರುತ್ತೆ, ಕೆಲಸಗಾರನ ಕೈಯಲ್ಲಲ್ಲ. ಹೊರಗಿನವರಿಗೆ ಇದು ಚಿಲ್ಲರೆ ವಿಷಯ ಅನ್ನಿಸಬಹುದು. ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡಿದವರಿಗೆ ಅರ್ಥ ಆಗುತ್ತೆ. ಇವತ್ತು ಕಾರ್ಡ್ ಬರೆಯುವವನು ನಾಳೆ ಸ್ಟಾಪ್‌ವಾಚ್ ಹಿಡಿದು ಬರುತ್ತಾನೆ. ಆಗಸ್ಟ್ 2ರಂದು ಈವ್ಲಿಯಲ್ಲೂ ರಾಂಡ್‌ವಿಕ್‌ನ ಟ್ರಾಮ್ ವರ್ಕ್‌ಶಾಪ್‌ನಲ್ಲೂ ಜನ ಉಪಕರಣ ಕೆಳಗಿಟ್ಟು ಹೊರಗೆ ಬಂದರು. ಮುಷ್ಕರ ಗಣಿಗಳಿಗೂ ಬಂದರಿಗೂ ಹಬ್ಬಿ, ಹೆಚ್ಚು ಕಡಿಮೆ ಒಂದು ಲಕ್ಷ ಜನ ಕೆಲಸ ನಿಲ್ಲಿಸಿದರು. ಸರ್ಕಾರ ಬಗ್ಗಲಿಲ್ಲ. ಹಳ್ಳಿಗಾಡಿನಿಂದ ಬದಲಿ ಕೆಲಸಗಾರರನ್ನು ಕರೆಸಿ, ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ ಡೇರೆ ಹಾಕಿಸಿ ಇಟ್ಟುಕೊಂಡಿತು. ಸೆಪ್ಟೆಂಬರ್‌ನಲ್ಲಿ ಕಾರ್ಮಿಕರು ಸೋತು ವಾಪಸ್ ಬಂದರು. ಎಷ್ಟೋ ಜನಕ್ಕೆ ಸೀನಿಯಾರಿಟಿ ಹೋಯಿತು, ಇನ್ನೆಷ್ಟೋ ಜನಕ್ಕೆ ಕೆಲಸವೇ ಹೋಯಿತು.

ಕಾಹಿಲ್‌ಗೂ ಕೆಲಸ ಹೋಯಿತು. ಅವರ ಸೇವಾ ದಾಖಲೆಯಲ್ಲಿ 'ಚಳವಳಿಗಾರ' ಅಂತ ಷರಾ ಬಿತ್ತು. ನಿಮ್ಮ ಸರ್ವಿಸ್ ರಿಜಿಸ್ಟರಿನಲ್ಲಿ ಕೆಂಪು ಶಾಯಿಯ ಒಂದು ಸಾಲು ಬಿದ್ದರೆ ಹೇಗಿರುತ್ತೆ ಹೇಳಿ! ಆಮೇಲೆ ಕೆಲವು ವರ್ಷ ಸಿಕ್ಕ ಕೆಲಸ ಮಾಡಿಕೊಂಡು ಬದುಕು ಸಾಗಿಸಿದರು.

ಅದೇ ಮುಷ್ಕರದಲ್ಲಿ ಬ್ಯಾಥರ್ಸ್ಟ್ ಊರಿನ ಒಬ್ಬ ರೈಲು ಡ್ರೈವರ್ ಕೂಡ ಕೆಲಸ ಕಳೆದುಕೊಂಡು, ಆಮೇಲೆ ಕೆಳಗಿನ ದರ್ಜೆಗೆ ಮರಳಿದರು. ಬೆನ್ ಚಿಫ್ಲಿ ಅಂತ. 1945ರಲ್ಲಿ ಅವರು ಆಸ್ಟ್ರೇಲಿಯಾದ ಪ್ರಧಾನಿಯಾದರು. ಸೋತ ಒಂದು ಮುಷ್ಕರದಿಂದ ಒಬ್ಬ ಪ್ರಧಾನಿ, ಒಬ್ಬ ಪ್ರೀಮಿಯರ್ ಹೊರಬಂದರು. ಆವತ್ತು ಗೆದ್ದ ಅಧಿಕಾರಿಗಳ ಹೆಸರು ಈಗ ಎಷ್ಟು ಜನಕ್ಕೆ ನೆನಪಿದೆಯೋ ಗೊತ್ತಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ದುಡ್ಡಿಲ್ಲದೆ ಹೇಗೆ?

ಇದಕ್ಕೆ ಬೇಕಾದ ದಾರಿ ಕಾಹಿಲ್ ಹುಟ್ಟುವ ಹೊತ್ತಿಗೇ ಸಿದ್ಧವಾಗುತ್ತಿತ್ತು. ಮೊದಲು ನ್ಯೂ ಸೌತ್ ವೇಲ್ಸ್‌ನಲ್ಲಿ ಶಾಸಕರಿಗೆ ಸಂಬಳ ಇರಲಿಲ್ಲ. ಅಂದರೆ ಜಮೀನುದಾರರು, ವಕೀಲರು, ವ್ಯಾಪಾರಿಗಳು ಮಾತ್ರ ಶಾಸಕರಾಗಬಹುದಿತ್ತು. ದಿನಗೂಲಿ ಬಿಟ್ಟು ಸಭೆಯಲ್ಲಿ ಕೂತರೆ ಮನೆಯಲ್ಲಿ ಒಲೆ ಹೊತ್ತುವುದು ಹೇಗೆ? 1889ರಲ್ಲಿ ವರ್ಷಕ್ಕೆ 300 ಪೌಂಡ್ ಸಂಬಳ ಅಂತ ಕಾನೂನಾಯಿತು. ಎರಡೇ ವರ್ಷಕ್ಕೆ, 1891ರಲ್ಲಿ, ಕಾರ್ಮಿಕ ಸಂಘಗಳೆಲ್ಲ ಸೇರಿ ಕಟ್ಟಿದ ಲೇಬರ್ ಪಕ್ಷ ಮೊದಲ ಸಲ ಚುನಾವಣೆಗೆ ಇಳಿದು 141 ಸೀಟಿನಲ್ಲಿ 35 ಗೆದ್ದಿತು. ಕಾಹಿಲ್ ಹುಟ್ಟಿದ್ದೂ ಅದೇ ವರ್ಷ ಅಲ್ವಾ?

ಆ 35 ಜನರಲ್ಲಿ ರೆಡ್‌ಫರ್ನ್‌ನಿಂದ ಗೆದ್ದವರು ಜೇಮ್ಸ್ ಮೆಕ್‌ಗೋವನ್. ಅವರು ಹುಟ್ಟಿದ್ದು ಸಮುದ್ರದ ಮಧ್ಯೆ ಹಡಗಿನಲ್ಲಿ. ಕಸುಬಿನಲ್ಲಿ ಬಾಯ್ಲರ್ ಕಟ್ಟುವವರು. 1910ರಲ್ಲಿ ರಾಜ್ಯದ ಮೊದಲ ಲೇಬರ್ ಪ್ರೀಮಿಯರ್ ಆದರು. ಆದರೆ ಯುದ್ಧಕ್ಕೆ ಜನರನ್ನು ಕಡ್ಡಾಯವಾಗಿ ಕಳಿಸಬೇಕು ಅನ್ನುವ ಪರವಾಗಿ ನಿಂತದ್ದರಿಂದ ಪಕ್ಷದಿಂದ ಹೊರಗೆ ಬಿದ್ದರು. 1917ರಲ್ಲಿ ಅದೇ ರೆಡ್‌ಫರ್ನ್‌ನಲ್ಲಿ, 25ರ ಆಸುಪಾಸಿನ ಒಬ್ಬ ಹುಡುಗನ ಎದುರು ಸೋತರು. ಆ ಹುಡುಗ ವಿಲಿಯಂ ಮೆಕೆಲ್. ಬಾಲ್‌ಮೇನ್‌ನ ಮೋರ್ಟ್ಸ್ ಡಾಕ್ ಹಡಗುಕಟ್ಟೆಯಲ್ಲಿ ಕಸುಬು ಕಲಿತವರು. ಅವರೂ ಬಾಯ್ಲರ್‌ನವರೇ! ಬಾಯ್ಲರ್‌ನವರನ್ನು ಬಾಯ್ಲರ್‌ನವರೇ ಸೋಲಿಸಿದರು ಅಂದರೆ ಆ ಕ್ಷೇತ್ರ ಹೇಗಿತ್ತು ಅಂತ ಊಹಿಸಿಕೊಳ್ಳಿ. ಮೆಕೆಲ್ ಕೂಡ 1941ರಲ್ಲಿ ಪ್ರೀಮಿಯರ್ ಆದರು, 1947ರಲ್ಲಿ ಇಡೀ ಆಸ್ಟ್ರೇಲಿಯಾಕ್ಕೇ ಗವರ್ನರ್ ಜನರಲ್ ಆದರು. ಬಾಯ್ಲರ್ ತಟ್ಟಿದವನಿಗೆ ರಾಜಪ್ರತಿನಿಧಿ ಪಟ್ಟವೇ ಅಂತ ಆಗ ದೊಡ್ಡ ಗಲಾಟೆಯಾಗಿತ್ತು. ಹಾಗಾಗಿ ಕಾಹಿಲ್ ಆಕಾಶದಿಂದ ಉದುರಿದವರಲ್ಲ. ಅವರು ಬೆಳೆದ ಬೀದಿಗಳಲ್ಲಿ ಪ್ರೀಮಿಯರ್ ಅಂದರೆ ಪಕ್ಕದ ಶೆಡ್ಡಿನವರು ಆಗಬಹುದಾದ ಹುದ್ದೆ.

ಟಿಕೆಟ್ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಆ ಕಾಲದ ಲೇಬರ್ ಪಕ್ಷದಲ್ಲಿ ಅಭ್ಯರ್ಥಿ ಯಾರು ಅಂತ ತೀರ್ಮಾನಿಸುವುದರಲ್ಲಿ ಆಯಾ ಊರಿನ ಪಕ್ಷದ ಸದಸ್ಯರಿಗೂ ಸಂಘಗಳಿಗೂ ದೊಡ್ಡ ಪಾಲಿತ್ತು. ಚೀಲ ಹಿಡಿದು ರಾಜಧಾನಿಗೆ ಓಡಬೇಕಿರಲಿಲ್ಲ. ನಿಮ್ಮನ್ನು ಹತ್ತು ವರ್ಷದಿಂದ ನೋಡಿದ ಜನ ಕೈ ಎತ್ತಬೇಕಿತ್ತು. ಇನ್ನು ಸಂಘ ಅಂದರೆ ಸುಮ್ನೆ ಘೋಷಣೆ ಕೂಗುವ ಜಾಗವಲ್ಲ. ಚಂದಾ ವಸೂಲಿ ಮಾಡಬೇಕು, ಲೆಕ್ಕ ಒಪ್ಪಿಸಬೇಕು, ನಡಾವಳಿ ಬರೆಯಬೇಕು, ತನಗೆ ಆಗದವನ ಮಾತನ್ನೂ ಕೂತು ಕೇಳಬೇಕು. ನನ್ನ ಪ್ರಕಾರ ಶಾಸಕನ ಕೆಲಸದಲ್ಲಿ ಮುಕ್ಕಾಲು ಪಾಲು ಇಷ್ಟೇ. ಶಾಲೆ ಬೇಗ ಬಿಟ್ಟವರಿಗೆ ಅದೇ ಕಾಲೇಜು ಆಯಿತು.

ಹಾಗಂತ ನೇರ ಏಣಿ ಏರಿದ ಹಾಗೆ ಏರಲಿಲ್ಲ. ಕಾಹಿಲ್ 1925ರಲ್ಲಿ ಮೊದಲ ಸಲ ಗೆದ್ದರು, ಸೇಂಟ್ ಜಾರ್ಜ್ ಕ್ಷೇತ್ರದಿಂದ. 1932ರಲ್ಲಿ ಪ್ರೀಮಿಯರ್ ಜ್ಯಾಕ್ ಲ್ಯಾಂಗ್ ಅವರನ್ನು ಗವರ್ನರ್ ವಜಾ ಮಾಡಿದರು. ಆಮೇಲೆ ನಡೆದ ಚುನಾವಣೆಯಲ್ಲಿ ಲೇಬರ್ ಪಕ್ಷ ನೆಲಕಚ್ಚಿತು, ಕಾಹಿಲ್ ಕೂಡ ಸೋತರು. ಮಹಾ ಆರ್ಥಿಕ ಕುಸಿತದ ಕಾಲ, ವಯಸ್ಸು 41. ಮೂರು ವರ್ಷ ಕಾದು 1935ರಲ್ಲಿ ಆರ್ನ್‌ಕ್ಲಿಫ್‌ನಿಂದ ಮತ್ತೆ ಗೆದ್ದರು. ಮಂತ್ರಿ ಆದದ್ದು 1941ರಲ್ಲಿ, 50 ತುಂಬಿದ ಮೇಲೆ, ಮೆಕೆಲ್ ಸಂಪುಟದಲ್ಲಿ. ಕೊಟ್ಟದ್ದು ಲೋಕೋಪಯೋಗಿ ಖಾತೆ. ಮುಂದೆ ಸ್ಥಳೀಯಾಡಳಿತವೂ ಸೇರಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸಿಡ್ನಿಯಲ್ಲಿ ಆಗಾಗ ಕರೆಂಟ್ ಹೋಗುತ್ತಿತ್ತು. ವಿದ್ಯುತ್ ಉತ್ಪಾದನೆ ಚೂರುಚೂರಾಗಿ ಬೇರೆಬೇರೆಯವರ ಕೈಯಲ್ಲಿತ್ತು. 1950ರಲ್ಲಿ ಅದನ್ನೆಲ್ಲ ಒಂದು ಎಲೆಕ್ಟ್ರಿಸಿಟಿ ಕಮಿಷನ್ ಕೆಳಗೆ ತಂದರು. ಇಂಥ ಕೆಲಸಕ್ಕೆ ಯಾರೂ ಹಾರ ಹಾಕುವುದಿಲ್ಲ. ಮೋಟಾರ್ ತಿರುಗಿದರೆ ಸರಿ.

1952ರಲ್ಲಿ ಅವರು ಪ್ರೀಮಿಯರ್ ಆದಾಗ ವಯಸ್ಸು 61. ಹೊಳೆಯುವ ಭಾಷಣಕಾರರಲ್ಲ. ಅವರ ಅಡ್ಡಹೆಸರು 'ಓಲ್ಡ್ ಸ್ಮೂದಿ', ಅಂದರೆ ನಯವಾಗಿ ಕೆಲಸ ಸಾಧಿಸುವ ಮುದುಕ. ಅವರ ನಿಜವಾದ ಪರೀಕ್ಷೆ ನಡೆದದ್ದು ಎರಡೇ ವರ್ಷದಲ್ಲಿ.

ಆಗ ಆಸ್ಟ್ರೇಲಿಯಾದ ಲೇಬರ್ ಪಕ್ಷ ನಡುವೆ ಸೀಳಿತು. ಕಾರ್ಮಿಕ ಸಂಘಗಳಲ್ಲಿ ಕಮ್ಯುನಿಸ್ಟರ ಹಿಡಿತ ತಪ್ಪಿಸಬೇಕು ಅಂತ ಕ್ಯಾಥೊಲಿಕರ ಒಂದು ಗುಂಪು ಒಳಗಿಂದೊಳಗೆ ಕೆಲಸ ಮಾಡುತ್ತಿತ್ತು. 1954ರಲ್ಲಿ ಪಕ್ಷದ ರಾಷ್ಟ್ರೀಯ ನಾಯಕರು ಆ ಗುಂಪಿನ ಮೇಲೆ ಬಹಿರಂಗವಾಗಿ ತಿರುಗಿಬಿದ್ದರು. ವಿಕ್ಟೋರಿಯಾ ರಾಜ್ಯದಲ್ಲಿ 1955ರಲ್ಲಿ ಲೇಬರ್ ಸರ್ಕಾರ ಬಿತ್ತು. ಮತ್ತೆ ಅಧಿಕಾರ ಸಿಕ್ಕಿದ್ದು 1982ರಲ್ಲಿ. ಕ್ವೀನ್ಸ್‌ಲ್ಯಾಂಡ್‌ನಲ್ಲಿ 1957ರಲ್ಲಿ ಪಕ್ಷ ತನ್ನದೇ ಪ್ರೀಮಿಯರ್ ಅವರನ್ನು ಹೊರಹಾಕಿತು. ಅಲ್ಲಿ ಮತ್ತೆ ಗೆದ್ದದ್ದು 1989ರಲ್ಲಿ. 27 ವರ್ಷ ಒಂದು ಕಡೆ, 32 ವರ್ಷ ಇನ್ನೊಂದು ಕಡೆ!

ನ್ಯೂ ಸೌತ್ ವೇಲ್ಸ್‌ನಲ್ಲಿ ಮಾತ್ರ ಸರ್ಕಾರ ಬೀಳಲಿಲ್ಲ. ಕಾಹಿಲ್ ಸ್ವತಃ ಕ್ಯಾಥೊಲಿಕ್, ಹಳೇ ಮುಷ್ಕರದವರು ಕೂಡ. ಎರಡೂ ಕಡೆಯವರು ಅವರನ್ನು ತಮ್ಮವರು ಅಂದುಕೊಳ್ಳಬಹುದಿತ್ತು. ಸಿಡ್ನಿಯ ಆರ್ಚ್‌ಬಿಷಪ್ ಕೂಡ ಒಡೆಯುವುದು ಬೇಡ ಅನ್ನುವ ನಿಲುವಿನವರು. ಕಾಹಿಲ್ ಯಾರನ್ನೂ ಮೂಲೆಗೆ ತಳ್ಳಲಿಲ್ಲ. ಎಲ್ಲಿ ಘರ್ಷಣೆ ಇದೆಯೋ ಅಷ್ಟನ್ನೇ ಕೆರೆದರು, ಮತ್ತೆ ಕೂರಿಸಿ ನೋಡಿದರು. ನೀಲಿ ನೆನಪಿಟ್ಟುಕೊಳ್ಳಿ ಅಂದದ್ದು ಇದಕ್ಕೇ. ಅವರನ್ನು ಬೈಯುವವರು ಇದನ್ನು ರಾಜಿ ಅಂದರು. ಬೇರೆ ಎರಡು ರಾಜ್ಯಗಳ ಗತಿ ನೋಡಿದ ಮೇಲೆ ನನಗೆ ಹಾಗೆ ಅನ್ನಿಸುವುದಿಲ್ಲ. 1953, 1956, 1959 ಮೂರೂ ಚುನಾವಣೆ ಗೆದ್ದರು. 1941ರಲ್ಲಿ ಮೆಕೆಲ್ ತಂದ ಲೇಬರ್ ಸರ್ಕಾರ ಅಲ್ಲಿ 1965ರವರೆಗೂ ನಡೆಯಿತು. ಇದರ ನಡುವೆಯೇ, 1958ರಲ್ಲಿ, ಗಂಡಸಿನಷ್ಟೇ ಕೆಲಸ ಮಾಡುವ ಹೆಂಗಸಿಗೆ ಹಂತಹಂತವಾಗಿ ಅಷ್ಟೇ ಸಂಬಳ ಅಂತ ಕಾಯಿದೆ ಬಂತು. ಇದರ ಲಾಭ ಮೊದಲು ಸಿಕ್ಕವರಲ್ಲಿ ಶಾಲಾ ಶಿಕ್ಷಕಿಯರು ಸೇರಿದ್ದರು.

ಇನ್ನು ಒಪೆರಾ ಹೌಸ್. ನನಗೆ ಈ ಕಥೆಯಲ್ಲಿ ಜಾಸ್ತಿ ಮಜಾ ಕೊಡುವ ಭಾಗ ಇದೇ.

ಸಿಡ್ನಿಗೆ ಒಳ್ಳೆಯ ಸಂಗೀತ ಸಭಾಂಗಣ ಬೇಕು ಅಂತ ಅಲ್ಲಿನ ಸಿಂಫನಿ ವಾದ್ಯವೃಂದದ ಮುಖ್ಯಸ್ಥ ಯುಜೀನ್ ಗೂಸೆನ್ಸ್ ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ಅದನ್ನು ಕಿವಿಗೆ ಹಾಕಿಕೊಂಡವರು ಕಾಹಿಲ್. 1954ರ ನವೆಂಬರ್‌ನಲ್ಲಿ ಸಭೆ ಕರೆದರು. ಜಾಗ ಗೊತ್ತು ಮಾಡಿದ್ದು ಬೆನೆಲಾಂಗ್ ಪಾಯಿಂಟ್‌ನಲ್ಲಿ. ಅಲ್ಲಿ ಆಗ ಇದ್ದದ್ದು ಟ್ರಾಮ್ ಡಿಪೋ. ಆಮೇಲೆ ಅಂತಾರಾಷ್ಟ್ರೀಯ ಸ್ಪರ್ಧೆ. 200ಕ್ಕೂ ಹೆಚ್ಚು ವಿನ್ಯಾಸ ಬಂದವು. 1957ರ ಜನವರಿಯಲ್ಲಿ ಡೆನ್ಮಾರ್ಕ್‌ನ ಯೋರ್ನ್ ಉಟ್ಸನ್ ಗೆದ್ದರು ಅಂತ ಸ್ವತಃ ಕಾಹಿಲ್ ಘೋಷಿಸಿದರು.

ವಿರೋಧ ಬಂದದ್ದು ಸ್ವಂತ ಪಕ್ಷದೊಳಗಿಂದ. ಕೂಲಿಕಾರರ ಪಕ್ಷ ಶ್ರೀಮಂತರಿಗೆ ಒಪೆರಾ ಕಟ್ಟಿಸುವುದೇನು? ಮನೆ ಇಲ್ಲ, ಆಸ್ಪತ್ರೆ ಇಲ್ಲ ಅಂತ ಗದ್ದಲ. ನ್ಯಾಯವಾದ ಪ್ರಶ್ನೆಯೇ. ಕಾಹಿಲ್ ಉಪಾಯ ಏನು ಗೊತ್ತಾ? ಲಾಟರಿ! ಖಜಾನೆಯ ದುಡ್ಡು ಮುಟ್ಟುವುದಿಲ್ಲ, ಟಿಕೆಟ್ ಮಾರಿ ಕಟ್ಟುತ್ತೇವೆ ಅಂದರು. 1957ರಲ್ಲೇ ಒಪೆರಾ ಹೌಸ್ ಲಾಟರಿ ಕಾಯಿದೆ ಆಯಿತು. ಟಿಕೆಟ್ಟಿಗೆ 5 ಪೌಂಡ್, ಮೊದಲ ಬಹುಮಾನ 1 ಲಕ್ಷ ಪೌಂಡ್. ನಮ್ಮಲ್ಲಿ 2007ರಲ್ಲಿ ಲಾಟರಿ ನಿಂತಾಗ ನಿಟ್ಟುಸಿರು ಬಿಟ್ಟ ಮನೆಗಳು ಎಷ್ಟೋ. ಸಿಡ್ನಿಯ ಆ ಬಿಳಿ ಚಿಪ್ಪಿನಂಥ ಛಾವಣಿಗಳ ಕಟ್ಟಡದ ಖರ್ಚಿನ ಬಹುಪಾಲು ಹುಟ್ಟಿದ್ದು ಮಾತ್ರ ಲಾಟರಿಯಿಂದ. ಈ ಕಟ್ಟಡ ಎಲ್ಲರಿಗೂ ಸೇರಿದ್ದು, ಸಾಮಾನ್ಯ ಕಾರ್ಮಿಕನ ಸಂಸಾರ ಕೂಡ ಒಳಗೆ ಬಂದು ಕೂರುವಂತಿರಬೇಕು ಅಂತ ಕಾಹಿಲ್ ಹೇಳಿದ್ದರು. ಈಗಿನ ಟಿಕೆಟ್ ದರ ನೋಡಿದರೆ ಅವರು ಏನನ್ನುತ್ತಿದ್ದರೋ.

ಈಗ ನೀವು ಕೇಳಿದ ಕೊನೆಯ ಮಾತು. ಕಸುಬು ಉಪಯೋಗಕ್ಕೆ ಬಂತಾ? ಪಕ್ಷವನ್ನು ಹಿಡಿದಿಡುವುದರಲ್ಲಿ ಬಂತು ಅಂದೆ. ಆದರೆ ಅವರ ಹೆಸರು ಉಳಿದಿರುವ ಈ ಕೆಲಸದಲ್ಲಿ, ನಿಜ ಹೇಳಬೇಕೆಂದರೆ, ಕಸುಬಿನ ಮೊದಲ ಪಾಠವನ್ನೇ ಅವರು ಮುರಿದರು. ಡ್ರಾಯಿಂಗ್ ಕೈಗೆ ಬರದೆ ಜಾಬಿಗೆ ಕೈ ಹಾಕಬಾರದು ಅಂತ ನಿಮಗೂ ಮೊದಲ ವಾರವೇ ಹೇಳಿಕೊಟ್ಟಿರುತ್ತಾರೆ ಅಲ್ವಾ? ಒಪೆರಾ ಹೌಸ್ ಕೆಲಸ ಶುರುವಾದಾಗ ಆ ಛಾವಣಿಯನ್ನು ಕಟ್ಟುವುದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಉಟ್ಸನ್‌ಗೂ ಗೊತ್ತಿರಲಿಲ್ಲ, ಎಂಜಿನಿಯರ್ ಓವೆ ಆರಪ್ ಅವರ ಕಂಪನಿಗೂ ಗೊತ್ತಿರಲಿಲ್ಲ. ಇನ್ನೂ ಸ್ವಲ್ಪ ಟೈಮ್ ಕೊಡಿ ಅಂತ ವಿನ್ಯಾಸದವರ ಆಸೆ. ಕಾಹಿಲ್ ಕೊಡಲಿಲ್ಲ. 1959ರ ಮಾರ್ಚ್ 2ರಂದು ಸಮಾರಂಭ ಮಾಡಿ ಕೆಲಸ ಶುರು ಮಾಡಿಸಿಯೇ ಬಿಟ್ಟರು. ಚುನಾವಣೆ ಇದ್ದದ್ದು ಮಾರ್ಚ್ 21ಕ್ಕೆ.

ಇದರ ಬೆಲೆ ತೆತ್ತದ್ದು ಆಮೇಲೆ ಬಂದವರು. ಮೊದಲು ತಳದ ದೊಡ್ಡ ವೇದಿಕೆ ಎದ್ದಿತು. ಛಾವಣಿಯ ಲೆಕ್ಕ ಕೊನೆಗೂ ಕೈಗೆ ಸಿಕ್ಕಿದಾಗ, ಕಟ್ಟಿಟ್ಟ ಕಂಬಗಳಿಗೆ ಆ ಭಾರ ಹೊರುವ ಶಕ್ತಿ ಇಲ್ಲ ಅಂತ ಗೊತ್ತಾಯಿತು. ಕಂಬಗಳನ್ನು ಒಡೆದು ಮತ್ತೆ ಕಟ್ಟಬೇಕಾಯಿತು. ಆರಂಭದ ಅಂದಾಜು 35 ಲಕ್ಷ ಪೌಂಡ್, ಅಂದರೆ ಆಮೇಲೆ ಬಂದ ಡಾಲರ್ ಲೆಕ್ಕದಲ್ಲಿ 70 ಲಕ್ಷ. ಮುಗಿಯುವ ಹೊತ್ತಿಗೆ ಆದದ್ದು 10 ಕೋಟಿ 20 ಲಕ್ಷ ಡಾಲರ್. 1965ರಲ್ಲಿ ಸರ್ಕಾರ ಬದಲಾಯಿತು. ಹೊಸ ಮಂತ್ರಿಗೂ ಉಟ್ಸನ್‌ಗೂ ಜಟಾಪಟಿ ಬಿದ್ದು 1966ರಲ್ಲಿ ಉಟ್ಸನ್ ದೇಶವನ್ನೇ ಬಿಟ್ಟರು. ಮುಗಿದ ಕಟ್ಟಡವನ್ನು ಅವರು ಕಣ್ಣಾರೆ ನೋಡಲೇ ಇಲ್ಲ. 1973ರ ಅಕ್ಟೋಬರ್‌ನಲ್ಲಿ ರಾಣಿ ಎಲಿಜಬೆತ್ ಬಂದು ಉದ್ಘಾಟಿಸಿದರು.

ಹಾಗಾದರೆ ಕಾಹಿಲ್ ಮಾಡಿದ್ದು ತಪ್ಪಾ? ಫಿಟ್ಟರ್ ಲೆಕ್ಕದಲ್ಲಿ ತಪ್ಪು. ರಾಜಕಾರಣಿಯ ಲೆಕ್ಕದಲ್ಲಿ, ಇಷ್ಟು ವರ್ಷ ಓದಿದ ಮೇಲೆ ನನಗನ್ನಿಸುವುದು, ಸರಿ. ನೆಲದೊಳಗೆ ಕಾಂಕ್ರೀಟ್ ಹೋದ ಮೇಲೆ ಬೇಡ ಅನ್ನುವುದು ಯಾರಿಗೂ ಸುಲಭವಲ್ಲ. ಕಾಗದದ ಮೇಲಿರುವ ಯೋಜನೆಯನ್ನು ಮುಂದಿನವರು ಡ್ರಾಯರಿಗೆ ಹಾಕಿ ಬೀಗ ಹಾಕಬಹುದು. ತಮ್ಮ ಪಕ್ಷದವರ ಮನಸ್ಸು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಮಾರ್ಚ್‌ನ ಚುನಾವಣೆ ಗೆದ್ದರು, ಅದೇ ವರ್ಷ ಅಕ್ಟೋಬರ್ 22ರಂದು ಹೃದಯಾಘಾತದಿಂದ ಹೋದರು, ಅಧಿಕಾರದಲ್ಲಿರುವಾಗಲೇ. ಡ್ರಾಯಿಂಗ್ ಬರಲಿ ಅಂತ ಕಾದಿದ್ದರೆ ಅಲ್ಲಿ ಈಗ ಏನಿರುತ್ತಿತ್ತೋ.

ಅವರ ಎಲ್ಲ ಕೆಲಸವನ್ನೂ ಊರು ಹೊಗಳುತ್ತೆ ಅಂದುಕೊಳ್ಳಬೇಡಿ. ದೋಣಿ ಹತ್ತುವ ಸರ್ಕ್ಯುಲರ್ ಕೀಯಲ್ಲಿ ರೈಲ್ವೆ ಸ್ಟೇಷನ್ನಿನ ತಲೆ ಮೇಲೆ ಒಂದು ದಪ್ಪನೆಯ ಮೇಲ್‌ರಸ್ತೆ ನೋಡಿರಬಹುದು. ಊರಿಗೂ ಸಮುದ್ರಕ್ಕೂ ನಡುವೆ ಗೋಡೆ ಹಾಕಿದ ಹಾಗಿದೆ. 1958ರಲ್ಲಿ ತೆರೆದ ಆ ರಸ್ತೆಯ ಹೆಸರೇ ಕಾಹಿಲ್ ಎಕ್ಸ್‌ಪ್ರೆಸ್‌ವೇ. ಅದನ್ನು ಕೆಡವಿ ಅಂತ ಸಿಡ್ನಿಯಲ್ಲಿ ಆಗಾಗ ಮಾತು ಏಳುತ್ತೆ. ಮನೆತನದ ಮಾತಿಗೆ ಬಂದರೆ ಒಂದು ಸಣ್ಣ ತಮಾಷೆ. ಕಾಹಿಲ್ ತೀರಿಹೋದ ಮೇಲೆ ಅವರ ಕುಕ್ಸ್ ರಿವರ್ ಕ್ಷೇತ್ರದಲ್ಲಿ ಗೆದ್ದು ಶಾಸಕರಾದವರು ಅವರ ಮಗ ಟಾಮ್. ಮನೆತನ ಇಲ್ಲದೆ ಮೇಲೆ ಬಂದವರ ಮನೆಯೂ ಮನೆತನ ಆಯಿತು ನೋಡಿ!

ಈಗಲೂ ಹೀಗೆ ಆಗುತ್ತಾ ಅಂದರೆ, ಅಪರೂಪ. ಕಾಹಿಲ್ ಆದ ಮೇಲೂ ಕೆಲವರು ಬಂದರು. 1965ರಲ್ಲಿ ಸೌತ್ ಆಸ್ಟ್ರೇಲಿಯಾದ ಪ್ರೀಮಿಯರ್ ಆದ ಫ್ರಾಂಕ್ ವಾಲ್ಷ್ ಕಲ್ಲುಕುಟಿಗರು. ಈಗ ಲೇಬರ್ ಪಕ್ಷದಲ್ಲೂ ವಿಶ್ವವಿದ್ಯಾಲಯದಿಂದ ಮಂತ್ರಿಗಳ ಕಚೇರಿಗೆ, ಅಲ್ಲಿಂದ ನೇರ ಟಿಕೆಟ್ಟಿಗೆ ಬರುವವರೇ ಜಾಸ್ತಿ. ಈವ್ಲಿ ವರ್ಕ್‌ಶಾಪ್ ಮುಚ್ಚಿ ದಶಕಗಳಾದವು. ಬೋಗಿ ಕಟ್ಟುತ್ತಿದ್ದ ಶೆಡ್ಡುಗಳು ಈಗ ಕ್ಯಾರೇಜ್‌ವರ್ಕ್ಸ್ ಅನ್ನುವ ಕಲಾಕೇಂದ್ರ. ಎಂಜಿನ್ ಶೆಡ್ಡಿನ ಸುತ್ತ ಬ್ಯಾಂಕ್ ಕಚೇರಿ, ಐಟಿಯವರ ಓಡಾಟ. ಅಳಿಯ ಆ ಕಡೆ ಕೆಲಸ ಮಾಡುತ್ತಿದ್ದರೂ ಆಶ್ಚರ್ಯವಿಲ್ಲ.

ಮುಂದಿನ ಸಲ ಹೋದಾಗ ಒಪೆರಾ ಹೌಸ್ ಮೆಟ್ಟಿಲ ಹತ್ತಿರ ನೆಲ ನೋಡಿಕೊಂಡು ನಡೆಯಿರಿ. ಎಲ್ಲರೂ ತಲೆ ಎತ್ತಿ ಚಿಪ್ಪುಗಳ ಫೋಟೊ ಹೊಡೆಯುತ್ತಿರುತ್ತಾರೆ. ಕಾಲ ಬಳಿ ಒಂದು ಕಂಚಿನ ಫಲಕ ಇದೆ. 1959ರ ಮಾರ್ಚ್ 2ರಂದು ಕಾಹಿಲ್ ಇಡಿಸಿದ್ದು. ಎರಡು ದೊಡ್ಡ ಸಭಾಂಗಣಗಳ ನಡುಗೆರೆಗಳನ್ನು ಎಳೆದರೆ ಅವು ಒಂದನ್ನೊಂದು ಮುಟ್ಟುವುದು ಸರಿಯಾಗಿ ಆ ಬಿಂದುವಿನಲ್ಲಿ. ಛಾವಣಿಯ ಡ್ರಾಯಿಂಗ್ ಇರಲಿಲ್ಲ, ನಿಜ. ಗುರುತು ಮಾತ್ರ ಅಳತೆ ನೋಡಿಯೇ ಹಾಕಿದ್ದಾರೆ.